ಹುಸೇನಬಿಯ ಗಂಟು

ಅವ್ವನಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಸುರಪುರದ ನಮ್ಮ ಪಡಸಾಲೆಯಲ್ಲಿ ಗೋಡೆಗುಂಟ ಇಟ್ಟಿರುತ್ತಿದ್ದ ಮೂವತ್ತು ನಲವತ್ತು ಅರಿವೆಯ ಗಂಟುಗಳಲ್ಲಿ ಯಾವುದು ಯಾರ ಮನೆಯದೆಂದು ಬರೀ ಕೈಯಿಂದ ಸವರಿ ಹೇಳುತ್ತಿದ್ದಳು. ಕೌದಿ ಹೊಲಿಸಲು ಊರಿನವರು ತಮ್ಮ ಹಳೆಯ ಸೀರೆ, ಧೋತರ, ಅಂಗಿ, ಕುಲಾವಿಗಳನ್ನು ಕಟ್ಟಿ ತಂದರೆ ಅವ್ವ ಅವರ ಎದುರಿಗೇ ಆ ಗಂಟಿನ ಬಾಯಿಗೆ ಒಂದು ಗುರುತು ಕಟ್ಟುತ್ತಿದ್ದಳು. ಗೌಡರ ಮನೆಯದಕ್ಕೆ ಕವಡೆ, ಬಳೆಗಾರರದಕ್ಕೆ ಒಡೆದ ಬಳೆಯ ಚೂರು, ಟಪಾಲಿನವರದಕ್ಕೆ ಹುಣಸೆಬೀಜ, ದಿನಾ ಗಂಡನ ಜೊತೆ ಜಗಳವಾಡುವ ಓಣಿಯ ಗೌರವ್ವನ ಗಂಟಿಗೆ ಒಂದು ಒಣ ಮೆಣಸಿನಕಾಯಿ. ಈ ಕೊನೆಯದನ್ನು ಕಟ್ಟುವಾಗ ಅವ್ವ ಮುಖ ಗಂಭೀರ ಮಾಡಿಕೊಂಡಿರುತ್ತಿದ್ದಳು, ಗೌರವ್ವ ಬೈದುಕೊಂಡೇ ನಗುತ್ತಿದ್ದಳು. ಒಂದು ಮನೆಯ ಅರಿವೆ ಇನ್ನೊಂದು ಮನೆಯ ಕೌದಿಗೆ ಸೇರಬಾರದು ಎಂಬುದು ನಮ್ಮ ಓಣಿಯ ಕಟ್ಟು. ತೀರಿಕೊಂಡ ಅಜ್ಜನ ಧೋತರವೂ ಈಚೆಗೆ ಹುಟ್ಟಿದ ಕೂಸಿನ ಕುಲಾವಿಯೂ ಅಕ್ಕಪಕ್ಕ ಮಲಗಿರುವ ಜಾಗ ಕೌದಿ. ಗಂಟು ಅದಲುಬದಲಾದರೆ ಹೊಲಿಯುವವಳ ಮಾನ ಹೋಯಿತೆಂದೇ ಅರ್ಥ.

ಈಗ ನನಗೇ ವಯಸ್ಸಾಗಿದೆ. ಅವ್ವ ಕಟ್ಟಿದ ಕೆಲಸವನ್ನೇ ಇಷ್ಟು ವರ್ಷ ನಡೆಸಿಕೊಂಡು ಬಂದಿದ್ದೇನೆ. ಆಗೀಗ ಯಾರಾದರೂ ಕರೆದು, ಶಾಲು ಹೊದಿಸಿ, ನಿಮ್ಮ ತಾಯಿಯವರ ಬಗ್ಗೆ ನಾಲ್ಕು ಮಾತಾಡಿ ಎನ್ನುತ್ತಾರೆ. ನಾನೂ ಆಡುತ್ತೇನೆ. ಗಂಡ ಸತ್ತ ಹೆಂಗಸು ಒಂದು ಸೂಜಿಯಿಂದ ಸುರುಮಾಡಿ ಹನ್ನೊಂದು ಹೆಂಗಸರಿಗೆ ಕೆಲಸ ಕೊಟ್ಟಳು, ಯಾದಗಿರಿಯ ಹೆರಿಗೆ ದವಾಖಾನೆಗೆ ವರ್ಷ ವರ್ಷವೂ ಕೌದಿ ಕೊಟ್ಟಳು ಎಂದು ಹೇಳುತ್ತೇನೆ. ಚಪ್ಪಾಳೆ ಬೀಳುತ್ತದೆ. ಕೆಳಗಿಳಿದು ಬಂದು ಕುರ್ಚಿಯಲ್ಲಿ ಕೂತಾಗ ಮಾತ್ರ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಅವ್ವನ ದುಡಿಮೆಯಲ್ಲಿ ನಡೆದ ಒಂದೇ ಒಂದು ದೊಡ್ಡ ತಪ್ಪು ಅವಳದಲ್ಲ, ನನ್ನದು. ಅವಳು ಅದನ್ನು ತನ್ನ ಮೇಲೆ ಹಾಕಿಕೊಂಡಳು, ನಾನು ಹಾಕಿಕೊಳ್ಳಲು ಬಿಟ್ಟೆ. ಯಾವ ಸಭೆಯಲ್ಲೂ ಹೇಳದ ಆ ಸಂಗತಿಯನ್ನೇ ಇಲ್ಲಿ ಬರೆಯಲು ಕೂತಿದ್ದೇನೆ.

ನಮ್ಮದು ಎರಡು ಖೋಲಿಯ ಕಲ್ಲಿನ ಮನೆ. ಮುಂದೆ ಪಡಸಾಲೆ, ಹಿಂದೆ ಅಡುಗೆಮನೆ, ಅದರಾಚೆ ಬಚ್ಚಲು. ನಮ್ಮ ಪಡಸಾಲೆಗೂ ಪಕ್ಕದ ಹುಸೇನಬಿಯ ಮನೆಗೂ ಒಂದೇ ಗೋಡೆ. ಆ ಗೋಡೆಯಲ್ಲಿ ಎದೆಯೆತ್ತರಕ್ಕೆ ಒಂದು ಕಿಂಡಿ ಇತ್ತು, ಒಂದು ತಟ್ಟೆ ಹಾಯುವಷ್ಟು. ಹುಸೇನಬಿಯ ಗಂಡ ಲಾಲಸಾಬ ದರ್ಜಿ. ಅಪ್ಪ ಜ್ವರ ಬಂದು ಮೂರೇ ದಿನದಲ್ಲಿ ತೀರಿಕೊಂಡಾಗ ಅವ್ವ ತಿಂಗಳುಗಟ್ಟಲೆ ಮೂಲೆ ಹಿಡಿದು ಕೂತಿದ್ದಳಂತೆ. ಒಂದು ಮುಂಜಾನೆ ಆ ಕಿಂಡಿಯಿಂದ ರೊಟ್ಟಿಯ ಬದಲು ಒಂದು ಬುಟ್ಟಿ ತುಂಡು ಅರಿವೆ ಬಂತು. ಲಾಲಸಾಬನ ಕತ್ತರಿಯಿಂದ ಉದುರಿದ ಚೂರುಗಳು. ಅದರ ಹಿಂದೆ ಹುಸೇನಬಿಯ ದನಿ ಬಂತು.

"ನಿಂಗವ್ವ, ಅಳೂದ ಆತಿಲ್ಲ ಇನ್ನ? ಕೈಗೆ ಏನರೆ ಹಚ್ಕೋ. ನನಗೊಂದು ಕೌದಿ ಬೇಕಾಗೇತಿ. ನೀ ಹೊಲದಂಗ ಈ ಓಣ್ಯಾಗ ಯಾರೂ ಹೊಲಿಯಂಗಿಲ್ಲ."

ಆ ಓಣಿಯಲ್ಲಿ ಅವ್ವನಿಗಿಂತ ಚೆನ್ನಾಗಿ ಹೊಲಿಯುವವರು ನಾಲ್ಕು ಮಂದಿ ಇದ್ದರು, ಅದು ಹುಸೇನಬಿಗೂ ಗೊತ್ತಿತ್ತು. ಅವ್ವನ ಮೊದಲ ಕೌದಿ ವಾರೆಯಾಗಿ ಬಂತು, ಒಂದು ಅಂಚು ಗೇಣುದ್ದ ಹೆಚ್ಚು. ಹುಸೇನಬಿ ಅದನ್ನೇ ಓಣಿಯ ತುಂಬ ಹೊತ್ತು ತಿರುಗಿ ಎಲ್ಲರಿಗೂ ತೋರಿಸಿ ಎರಡು ಮನೆಯ ಗಂಟು ಕೊಡಿಸಿದಳು. ಅಲ್ಲಿಂದ ಅವ್ವನ ಕೆಲಸ ಸುರುವಾಯಿತು. ಆ ಮನೆಯ ಒಬ್ಬನೇ ಮಗ ಮೈಬೂಬ. ಆಗ ಅವನಿಗೆ ಹದಿನಾರು ಹದಿನೇಳು ಇರಬೇಕು. ಅಪ್ಪನ ಜೊತೆ ಗುಂಡಿ ಹಚ್ಚುತ್ತಾ ಕೂತಿರುತ್ತಿದ್ದ. ಹಸಿವಾದಾಗ ಕಿಂಡಿಗೆ ಬಾಯಿ ಹಚ್ಚಿ ಕೂಗುತ್ತಿದ್ದ.

"ಚಿಗವ್ವಾ, ಪುಂಡಿಪಲ್ಯ ಆಗೇತೇನು? ನಮ್ಮವ್ವ ಇವತ್ತೂ ಬರೇ ಬ್ಯಾಳಿ ಮಾಡ್ಯಾಳ."

"ಗಂಗಾಳ ಕೊಡೋ ಹೊಟ್ಟಿಬಾಕಾ," ಎಂದು ಅವ್ವ ಬೈಯುತ್ತಲೇ ಅದರ ತುಂಬ ಹಾಕಿ ಕೊಡುತ್ತಿದ್ದಳು. ಸೂಜಿಗೆ ದಾರ ಪೋಣಿಸುವುದನ್ನು ನನಗೆ ಕಲಿಸಿದವನು ಅವನೇ. ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ, ಒಂದು ಕಣ್ಣು ಮುಚ್ಚಿ, ನನ್ನ ಕೈ ಹಿಡಿದು ಪೋಣಿಸುತ್ತಿದ್ದ. ನನಗೆ ಅಣ್ಣ ಇರಲಿಲ್ಲ. ಅವನೇ ಅಣ್ಣ ಎಂದು ನಾನು ಯಾವತ್ತೂ ಯೋಚಿಸಿ ನೋಡಿರಲಿಲ್ಲ, ಇದ್ದ ಅಷ್ಟೇ.

ನಿಜಾಮರ ರಾಜ್ಯ ಮುಗಿದ ವರ್ಷ ನಮ್ಮ ಕಡೆ ಎರಡು ಸಲ ಬೆಂಕಿ ಬಿತ್ತು. ಮೊದಲ ಸಲ, ನಿಜಾಮರ ಕಡೆಯವರ ಹಾವಳಿಗೆ ಹೆದರಿ, ನಮ್ಮಂಥವರು ಬಾಗಿಲು ಹಾಕಿಕೊಂಡು ಕೂತೆವು; ಹುಸೇನಬಿ ಕಿಂಡಿಯಿಂದ ಹಿಟ್ಟು, ಎಣ್ಣೆ ಕೊಟ್ಟಳು. ಭಾರತದ ಸೈನ್ಯ ಬಂದು ಪೊಲೀಸ್ ಆಕ್ಷನ್ ಆದ ಮೇಲೆ ಎರಡನೆಯ ಸಲ ಅವರು ಬಾಗಿಲು ಹಾಕಿಕೊಂಡರು. ಅವ್ವ ಕಿಂಡಿಯಿಂದ ಹಿಟ್ಟು, ಎಣ್ಣೆ ಕೊಟ್ಟಳು. ಆಗ ಮೈಬೂಬ ಮನೆಯಲ್ಲಿರಲಿಲ್ಲ. ಗಲಾಟೆಗೆ ನಾಲ್ಕು ದಿನ ಮೊದಲು, ಯಾರದೋ ಮದುವೆಯ ಶೇರವಾನಿ ಮುಟ್ಟಿಸಿ ಬರಲು ಯಾದಗಿರಿಗೆ ಹೋಗಿದ್ದ. ಶೇರವಾನಿ ಮುಟ್ಟಿತ್ತು. ಅವನು ತಿರುಗಿ ಬರಲಿಲ್ಲ. ಸ್ಟೇಷನ್ನಿನಲ್ಲಿ ನೋಡಿದೆವು ಎಂದು ಒಬ್ಬರೆಂದರು, ಭೀಮಾ ನದಿಯ ದಂಡೆಯಲ್ಲಿ ನೋಡಿದೆವು ಎಂದು ಇನ್ನೊಬ್ಬರೆಂದರು. ಹೆಣ ಸಿಕ್ಕಿತೆಂದು ಯಾರೂ ಹೇಳಲಿಲ್ಲ. ಲಾಲಸಾಬ ಎರಡು ತಿಂಗಳು ಹುಡುಕಿ ಸುಸ್ತಾಗಿ, ಮಶೀನು ಮಾರಿ, ಹೈದರಾಬಾದಿನ ತನ್ನ ತಂಗಿಯ ಮನೆಗೆ ಹೋಗಲು ತಯಾರಾದ. ಹೊರಡುವ ದಿನ ಹುಸೇನಬಿ ಒಂದು ಗಂಟು ಹೊತ್ತು ಬಾಗಿಲಿನಿಂದ ಬಂದಳು. ಅದರಲ್ಲಿ ಮೈಬೂಬನ ಅರಿವೆಗಳಿದ್ದವು. ಈದಿಗೆ ಹೊಲಿಸಿದ ನೀಲಿ ಪಟ್ಟಿಯ ಅಂಗಿ, ಎರಡು ಪಾಯಜಾಮ, ಚಿಕ್ಕಂದಿನ ಮಖಮಲ್ಲಿನ ಟೊಪ್ಪಿಗೆ, ತೊಟ್ಟಿಲ ಕಾಲದ ಒಂದು ಜಬಲಾ. ಅದರ ಬಾಯಿಗೆ ತನ್ನ ಗಂಡನ ಹಿತ್ತಾಳೆಯ ಅಂಗುಸ್ತಾನ, ದರ್ಜಿಗಳು ಬೆರಳಿಗೆ ಹಾಕಿಕೊಳ್ಳುವ ಆ ಟೊಪ್ಪಿಗೆಯಂಥದ್ದು, ತಾನೇ ಕಟ್ಟಿದ್ದಳು.

"ಇದು ಹೊಲಿಯಾಕಲ್ಲ ನಿಂಗವ್ವ, ಇಡಾಕ. ಅಲ್ಲಿ ಮಂದಿ ಮನ್ಯಾಗ ನನ್ನ ಕೈ ಮೀರಿ ಯಾರರೆ ಹರದು ಒರಸಾಕ ತಗೊಂಡಾರು. ಅವಾ ಬಂದಾನಂದ್ರ ಮೊದಲ ಈ ಓಣಿಗೇ ಬರ್ತಾನ. ಬಂದ್ರ ಹಾಕ್ಕೊಳ್ಳಾಕ ಕೊಡು."

ಅವ್ವ ಗಂಟನ್ನು ಎದೆಗೆ ಅವಚಿಕೊಂಡು ಒಂದೇ ಮಾತು ಹೇಳಿದಳು.

"ಕತ್ತರಿ ಮುಟ್ಟಂಗಿಲ್ಲಕ್ಕ ಇದಕ್ಕ. ನನ್ನ ಮಗಳ ಆಣಿ."

ಆಣೆ ಇಟ್ಟದ್ದು ನನ್ನ ಮೇಲೆ. ಅವಳು ಹಾಗೆ ಹೇಳಲು ಕಾರಣವಿತ್ತು. ಊರು ಬಿಟ್ಟು ಹೋದವರು ತಿರುಗಿ ಬರುವವರೆಗೆ ಅವರ ಅರಿವೆಗೆ ಕತ್ತರಿ ಹಚ್ಚಬಾರದು ಎಂದು ನಮ್ಮಲ್ಲಿ ನಂಬುತ್ತಾರೆ. ಕತ್ತರಿಸಿದರೆ ಅವರು ಬರುವ ದಾರಿಯನ್ನೇ ಕಡಿದ ಹಾಗೆ. ಸತ್ತರೆಂದು ಖಾತ್ರಿಯಾದ ಮೇಲೆಯೇ ಅವರ ಅರಿವೆ ಕೌದಿಗೆ ಬರಬೇಕು. ಹುಸೇನಬಿ ಮಗನಿಗಾಗಿ ಅಲ್ಲಿಯವರೆಗೂ ಬಾಯಿ ಬಿಟ್ಟು ಅತ್ತಿರಲಿಲ್ಲ. ಅತ್ತರೆ ಅವನು ಸತ್ತನೆಂದು ಒಪ್ಪಿದಂತಾಗುತ್ತದೆ ಎಂದು ಹಲ್ಲು ಕಚ್ಚಿಕೊಂಡಿದ್ದಳು. ಅವತ್ತೂ ಕಚ್ಚಿಕೊಂಡೇ ಗಾಡಿ ಹತ್ತಿದಳು.

ಆಮೇಲಿನ ನಾಲ್ಕೈದು ವರ್ಷಗಳಲ್ಲಿ ಅವ್ವ ಬೆಳೆದ ರೀತಿ ನೆನೆದರೆ ಈಗಲೂ ಅಚ್ಚರಿ. ಮೊದಲು ಭೀಮವ್ವ ಬಂದಳು. ಕೆಳಗಿನ ಓಣಿಯವಳು, ಅವ್ವನಿಗಿಂತ ದೊಡ್ಡವಳು, ದೃಷ್ಟಿ ಮಂದವಾಗಿದ್ದರೂ ಬೆರಳು ಮಂದವಾಗಿರಲಿಲ್ಲ. ಅವಳ ಹಿಂದೆ ಇನ್ನಿಬ್ಬರು, ಆಮೇಲೆ ನಾಲ್ವರು. ಪಡಸಾಲೆಯ ತುಂಬ ಕೌದಿ ಹಾಸಿ, ಅದರ ನಾಲ್ಕೂ ಅಂಚಿಗೆ ಕೂತು, ಹೊರಗಿನಿಂದ ನಡುವಿಗೆ ದಾರ ಹಾಕುತ್ತಾ ಬರುತ್ತಿದ್ದರು. ನಾನು ಉಣ್ಣುತ್ತಿದ್ದುದು ಅವರ ನಡುವೆ, ಮಲಗುತ್ತಿದ್ದುದು ಅರ್ಧ ಮುಗಿದ ಯಾರದೋ ಮನೆಯ ಕೌದಿಯ ಮೇಲೆ. ಒಂದು ಕೌದಿ ಮುಗಿಯುವಾಗ ಕೊನೆಯ ಮೂಲೆಯನ್ನು ತೆರೆದಿಟ್ಟು, ಅದರೊಳಗೆ ಒಂದು ಚೂರು ಹೋಳಿಗೆ ಇಟ್ಟು ಹೊಲಿಯುತ್ತಿದ್ದರು. ಕೌದಿ ಹಸಿದಿದ್ದರೆ ಹೊದ್ದವರಿಗೂ ಹಸಿವು ಎನ್ನುತ್ತಾರೆ. ಆ ಹೋಳಿಗೆಯ ಉಳಿದ ಭಾಗ ನನ್ನ ಪಾಲು. ಅವ್ವ ಶಹಾಪುರದ ಸಂತೆಗೆ ಹೋಗಿ ಬಯಲಲ್ಲೇ ಹಗ್ಗ ಕಟ್ಟಿ ಕೌದಿ ತೂಗುಹಾಕಿ ಮಾರಿದಳು. ಆಮೇಲೆ ಯಾದಗಿರಿಯಿಂದ ರೈಲ್ವೆಯವರು, ಹೊಸದಾಗಿ ಬಂದ ಕಚೇರಿಯವರು ಹೇಳಿ ಕಳಿಸತೊಡಗಿದರು. ಗಂಡಸಿಲ್ಲದ ಮನೆಗೆ ಇಷ್ಟು ಮಂದಿ ಬರುತ್ತಾರೆಂದು ಓಣಿಯಲ್ಲಿ ಮಾತು ಬಂತು. ಅವ್ವ ಆ ಮಾತಾಡಿದವರ ಮನೆಗೇ ಹೋಗಿ, ನಿಮ್ಮ ಸೊಸೆಗೆ ಕೆಲಸ ಬೇಕೇನ್ರಿ ಎಂದು ಕೇಳಿ ಬಂದಳು. ಆ ಸೊಸೆ ಬಂದಳು, ಮಾತು ನಿಂತಿತು.

ಧರ್ಮದ ಕೆಲಸ ಹತ್ತಿಕೊಂಡದ್ದು ಯಾದಗಿರಿಯಲ್ಲಿ. ಅಲ್ಲಿನ ಹೆರಿಗೆ ದವಾಖಾನೆಗೆ ಯಾರನ್ನೋ ನೋಡಲು ಹೋದ ಅವ್ವ, ಹೆತ್ತ ಹೆಂಗಸರು ಚಳಿಯಲ್ಲಿ ಉಟ್ಟ ಸೀರೆಯ ಸೆರಗನ್ನೇ ಕೂಸಿಗೆ ಸುತ್ತಿಕೊಂಡು ಮಲಗಿದ್ದನ್ನು ನೋಡಿ ಬಂದಳು. ಮೂರನೆಯ ದಿನ ಗಂಟು ತಂದವರಿಗೆಲ್ಲ ಒಂದು ಮಾತು ಕೇಳತೊಡಗಿದಳು: ನಿಮ್ಮ ಅರಿವೆಯಲ್ಲಿ ಒಂದು ಗೇಣು ಬಿಟ್ಟುಕೊಡಿ, ಎಲ್ಲರದೂ ಕೂಡಿಸಿ ಬಾಣಂತಿಯರಿಗೆ ಕೌದಿ ಹೊಲಿಯುತ್ತೇನೆ. ಅದಕ್ಕೆ ಊರ ಕೌದಿ ಎಂದು ಹೆಸರಿಟ್ಟಳು. ಮನೆಮನೆಯ ಅರಿವೆ ಬೆರೆಯಬಾರದು ಎನ್ನುತ್ತಿದ್ದವಳೇ ಬೆರೆಸಲು ಹೊರಟಿದ್ದಳು. ಗೌಡರ ಮನೆಯ ದೊಡ್ಡ ಸೊಸೆಗೆ ಸಿಟ್ಟು ಬಂತು.

"ಅಲ್ಲ ನಿಂಗವ್ವ, ನಮ್ಮ ಪತ್ತಲದ ಚುಂಗು ಭೀಮವ್ವನ ಓಣ್ಯಾವರ ಅರಿವಿ ಜೋಡಿ ಹೊಲೀತೀಯೇನು?"

"ಹೊಲಿಯಾಕಿ ಭೀಮವ್ವನ ಐದಾಳ್ರಿ. ನೀವು ಹಚ್ಕೊಳ್ಳೂ ಕೌದಿನೂ ಆಕೀನ ಹೊಲದದ್ದು. ಇಷ್ಟು ದಿನ ಬೆಚ್ಚಗ ಆಗಿಲ್ಲೇನ್ರಿ?"

ಗೌಡರ ಸೊಸೆ ಎದ್ದು ಹೋದಳು. ಎಂಟು ದಿನ ಬಿಟ್ಟು ಒಂದು ಗೇಣಲ್ಲ, ಹಳೆಯ ಪತ್ತಲವೊಂದನ್ನು, ಇಡೀ ಸೀರೆಯನ್ನೇ, ಕಳಿಸಿದಳು. ಹೀಗೆ ಬಂದ ಚೂರುಗಳ ಗಂಟನ್ನು ಪಡಸಾಲೆಯ ಕೊನೆಯ ಮೂಲೆಯಲ್ಲಿ, ಜೋಳ ತುಂಬಿಡುವ ಹಗೇವಿನ ಪಕ್ಕ ಇಡುತ್ತಿದ್ದರು. ಮೂಲೆಯ ಗಂಟು ಎಂದರೆ ಊರ ಗಂಟು. ಅದನ್ನು ಯಾರು ಬೇಕಾದರೂ ಬಿಚ್ಚಬಹುದು. ಹುಸೇನಬಿಯ ಗಂಟು ಬಾಗಿಲ ಬಳಿ, ದೇವರ ಗೂಡಿನ ಕೆಳಗೆ ಇತ್ತು. ಅಂಗುಸ್ತಾನ ಕಟ್ಟಿದ ಗಂಟನ್ನು ಯಾರೂ ಮುಟ್ಟುತ್ತಿರಲಿಲ್ಲ.

ನಾನು ಆಗ ಶಾಲೆಯಲ್ಲಿ ಐದನೆಯ ಇಯತ್ತೆ. ಮೊದಲು ಉರ್ದು ಕಲಿಸುತ್ತಿದ್ದ ಶಾಲೆಗೆ ಕನ್ನಡ ಬಂದಿತ್ತು, ಧಾರವಾಡದ ಕಡೆಯ ಮಾಸ್ತರರು ಬಂದಿದ್ದರು. ನನ್ನ ಅಕ್ಷರ ಗುಂಡಗಿವೆ ಎಂದು ಅವರು ಪಾಟಿಯನ್ನು ಎತ್ತಿ ಎಲ್ಲರಿಗೂ ತೋರಿಸಿದ್ದರು. ನನಗೆ ಆ ಹೊಗಳಿಕೆ ತಲೆಗೇರಿತ್ತು. ಅವ್ವನ ಕವಡೆ, ಬಳೆಚೂರು, ಮೆಣಸಿನಕಾಯಿ ಎಲ್ಲ ನನಗೆ ನಾಚಿಕೆ ತರಿಸುತ್ತಿದ್ದವು. ಅವ್ವ ದಾರ ಕೊಳ್ಳಲು ಯಾದಗಿರಿಗೆ ಹೋದಳು, ಎರಡು ದಿನ ಬರುವುದಿಲ್ಲ. ಆ ಚಳಿಗಾಲಕ್ಕೆ ದವಾಖಾನೆಗೆ ಹನ್ನೆರಡು ಕೌದಿ ಕೊಡುತ್ತೇನೆಂದು ಮಾತು ಕೊಟ್ಟಿದ್ದಳು, ಆ ಅವಸರ ಬೇರೆ. ಅವಳು ಬರುವುದರೊಳಗೆ ಮನೆಯನ್ನು ಕಚೇರಿಯಂತೆ ಮಾಡಿಬಿಡಬೇಕೆಂದು ನಾನು ಹೊರಟೆ. ಎಲ್ಲ ಗಂಟುಗಳ ಗುರುತು ಬಿಚ್ಚಿ ಒಂದು ತಗಡಿನ ಡಬ್ಬಿಗೆ ಹಾಕಿದೆ. ಒಂದೊಂದಕ್ಕೂ ಗುಂಡಗಿನ ಅಕ್ಷರದಲ್ಲಿ ಹೆಸರಿನ ಚೀಟಿ ಬರೆದು ಸಿಕ್ಕಿಸಿದೆ. ಆಮೇಲೆ ಮಾಸ್ತರರು ಹಾಜರಿ ಕೂಗುವ ಹಾಗೆ, ಅ ಆ ಇ ಈ ಎಂದು ಸಾಲಾಗಿ ಜೋಡಿಸಿದೆ. ಊರ ಗಂಟು ಮುಂದೆ ಎಲ್ಲೋ ಹೋಯಿತು. ಹುಸೇನಬಿಯ ಗಂಟು, ಹೆಸರು ಹಕಾರದ್ದಾದ್ದರಿಂದ, ಕೊನೆಗೆ ಬಂತು. ಕೊನೆ ಎಂದರೆ ಹಗೇವಿನ ಪಕ್ಕದ ಮೂಲೆ.

ಮರುದಿನ ನಾನು ಶಾಲೆಗೆ ಓಡುವಾಗ ಭೀಮವ್ವ ಬಾಗಿಲಲ್ಲಿ ಎದುರಾದಳು.

"ಶರಣಿ, ಇದೇನು ಬೇ, ಗಂಟೆಲ್ಲ ಅದಲಬದಲ ಇಟ್ಟೀ? ಊರ ಗಂಟು ಯಾವುದು?"

"ಚೀಟಿ ಹಚ್ಚೀನಿ ಓದಿ ನೋಡು," ಎಂದು ನಾನು ಓಡಿದೆ.

ಅವಳಿಗೆ ಓದು ಬರುವುದಿಲ್ಲವೆಂದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಅವಳೆದುರಿಗೆ ಹಾಗೆ ಹೇಳುವುದರಲ್ಲಿ ನನಗೊಂದು ಸುಖವಿತ್ತು. ಆ ಸುಖವನ್ನು ಇಷ್ಟು ವರ್ಷವಾದರೂ ನಾನು ಮರೆತಿಲ್ಲ, ಅದಕ್ಕೇ ಇದನ್ನು ಆಗಿಹೋದ ಅಚಾತುರ್ಯ ಎಂದು ಹೇಳಿ ಕೈತೊಳೆದುಕೊಳ್ಳಲು ಆಗುವುದಿಲ್ಲ. ಭೀಮವ್ವ ತನಗೆ ಗೊತ್ತಿದ್ದದ್ದನ್ನೇ ಮಾಡಿದಳು, ಮೂಲೆಯ ಗಂಟು ಬಿಚ್ಚಿದಳು. ಬರೀ ಚೂರುಗಳ ಬದಲು ಇಡೀ ಇಡೀ ಅರಿವೆಗಳಿದ್ದುದನ್ನು ನೋಡಿ, ಯಾವ ಪುಣ್ಯಾತ್ಮರು ಕೊಟ್ಟಾರವ್ವ ಎಂದು ಅವರಿಗಾಗಿ ಹಣೆಗೆ ಕೈ ಮುಟ್ಟಿಸಿದಳಂತೆ. ನಾನು ಸಂಜೆ ಬರುವಷ್ಟರಲ್ಲಿ ಹನ್ನೆರಡು ಕೌದಿಗಳಿಗೂ ಮೈಬೂಬನ ಅರಿವೆ ಚೌಕ ಚೌಕವಾಗಿ ಹಂಚಿಹೋಗಿತ್ತು. ನೀಲಿ ಪಟ್ಟಿಯನ್ನು ನಾನು ಗುರುತಿಸಿದೆ. ಅವತ್ತು ಉಣ್ಣದೆ ಮಲಗಿದೆ, ಹೊಟ್ಟೆನೋವು ಎಂದು ಭೀಮವ್ವನಿಗೆ ಹೇಳಿ.

ಅವ್ವ ಮರುದಿನ ಮಧ್ಯಾಹ್ನ ಬಂದಳು. ತಲೆಯ ಮೇಲಿನ ದಾರದ ಹೊರೆ ಇಳಿಸುವ ಮೊದಲೇ ದೇವರ ಗೂಡಿನ ಕೆಳಗೆ ನೋಡಿದಳು. ಡಬ್ಬಿ ತೆರೆದಳು. ಕವಡೆಗಳ ನಡುವಿನಿಂದ ಅಂಗುಸ್ತಾನ ತೆಗೆದು ಅಂಗೈಯಲ್ಲಿ ಇಟ್ಟುಕೊಂಡು, ಹಾಸಿದ್ದ ಕೌದಿಯ ಕಡೆ ತಿರುಗಿದಳು. ಚೀಟಿಗಳನ್ನೂ ನೋಡಿದಳು. ನನ್ನನ್ನೂ ನೋಡಿದಳು. ಅವಳಿಗೆ ಎಲ್ಲ ತಿಳಿಯಲು ಅಷ್ಟು ಸಾಕಾಗಿತ್ತು. ಅದು ಯಾರ ಅರಿವೆ ಎಂದು ಗೊತ್ತಾದಾಗ ಭೀಮವ್ವ ಎದೆ ಎದೆ ಬಡಿದುಕೊಂಡಳು.

"ಅಯ್ಯೋ ನನ ಕೈ ಸೇದಿ ಹೋಗಲಿ. ಮೂಲ್ಯಾನ ಗಂಟು ಊರ ಗಂಟಲ್ಲೇನ ಬೇ?"

"ಮೂಲ್ಯಾಂದು ಊರ ಗಂಟ ಖರೆ. ಇದನ್ನ ನಾನ ಅಲ್ಲಿಟ್ಟು ಹೋಗಿದ್ದೆ ಭೀಮವ್ವ. ನಿಂದೇನೂ ತಪ್ಪಿಲ್ಲ. ಅಳಬ್ಯಾಡ."

ಭೀಮವ್ವ ನನ್ನ ಕಡೆ ಒಮ್ಮೆ ನೋಡಿದಳು. ಅವ್ವ ನನಗೆ ಹೊಡೆಯಲಿಲ್ಲ, ಬೈಯಲಿಲ್ಲ. ಗುರುತುಗಳನ್ನು ಇದ್ದಲ್ಲೇ ಕಟ್ಟು ಎಂದಳು. ಯಾವುದು ಎಲ್ಲಿತ್ತೋ ನನಗೆ ನೆನಪಿರಲಿಲ್ಲ. ಅವಳೇ ಒಂದೊಂದು ಗಂಟನ್ನೂ ಸವರಿ ಸವರಿ ಕಟ್ಟಿದಳು. ಕತ್ತರಿಸಿದ್ದನ್ನು ಬಿಚ್ಚಿದರೂ ಅಂಗಿ ಆಗುವುದಿಲ್ಲ. ಹುಟ್ಟುವ ಜಾಗಕ್ಕಾದರೂ ಹೋಗಲಿ ಎಂದು ಹೇಳಿ ಆ ಹನ್ನೆರಡನ್ನೂ ಮುಗಿಸಿದಳು. ಕೊನೆಯ ಮೂಲೆಗಳನ್ನು ಮಾತ್ರ ಬೇರೆ ಯಾರಿಗೂ ಬಿಡದೆ ತಾನೇ ಮುಚ್ಚಿದಳು, ಹೋಳಿಗೆಯ ಬದಲು ಒಂದೊಂದು ಚೂರು ಖಜೂರಿ ಇಟ್ಟು. ಆ ಸಲ ನನ್ನ ಪಾಲಿಗೆ ಏನೂ ಉಳಿಸಲಿಲ್ಲ, ನಾನೂ ಕೇಳಲಿಲ್ಲ.

ಅದಾಗಿ ಎರಡು ವರ್ಷಕ್ಕೆ, ಕನ್ನಡದ ಊರುಗಳೆಲ್ಲ ಒಂದೇ ರಾಜ್ಯವಾಗುತ್ತವೆ ಎಂದು ಎಲ್ಲರೂ ಮಾತಾಡುತ್ತಿದ್ದ ದಿನಗಳಲ್ಲಿ, ಹುಸೇನಬಿ ಬಂದಳು. ಲಾಲಸಾಬ ತೀರಿಕೊಂಡಿದ್ದ. ಅವಳ ಕೂದಲೆಲ್ಲ ಬೆಳ್ಳಗಾಗಿತ್ತು, ಆದರೆ ಮುಖದಲ್ಲಿ ನಾನು ಅಷ್ಟು ಬೆಳಕು ನೋಡಿರಲಿಲ್ಲ. ಹೊಸ್ತಿಲು ದಾಟುವ ಮೊದಲೇ ಮಾತು ಸುರುಮಾಡಿದಳು.

"ನಿಂಗವ್ವ, ಸೊಲ್ಲಾಪುರದಾಗ ನಮ್ಮವರು ಒಬ್ಬರು ನೋಡ್ಯಾರಂತ. ದರ್ಜಿ ಅಂಗಡ್ಯಾಗ ಕುಂತಿದ್ನಂತ, ಅದ ಮೂಗು, ಅದ ನಗಿ. ನಾನು ಹೊಂಟೇನಿ. ಆ ಗಂಟು ಕೊಡು. ಸಿಕ್ಕರ ಹಾಕ್ಕೊಳ್ಳಾಕ ತನ್ನವು ಅಂತ ನಾಕು ಅರಿವಿ ಬೇಕಲ್ಲ ಅವಗ."

ಅವನು ಬದುಕಿದ್ದರೆ ಇಪ್ಪತ್ತೈದರ ಹತ್ತಿರದ ಗಂಡಸು. ಆ ಅಂಗಿ ಅವನ ಹೆಗಲಿಗೆ ಹಿಡಿಯುತ್ತಿರಲಿಲ್ಲ. ಅದನ್ನು ಅವ್ವ ಹೇಳಲಿಲ್ಲ, ಬೇರೆ ಮಾತು ಹೇಳಬೇಕಿತ್ತು. ನಾನು ನೀರಿನ ತಂಬಿಗೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಅವ್ವ ಅವಳ ಎರಡೂ ಕೈ ಹಿಡಿದು ಕೂರಿಸಿದಳು.

"ಅಕ್ಕಾ, ಆ ಅರಿವಿಗೆ ಕತ್ತರಿ ಬಿತ್ತು. ಊರ ಕೌದಿಗೆ ಹೋಗ್ಯಾವ ಅವು. ನನ್ನ ಕೈಲೇ ಆತು."

ಹುಸೇನಬಿ ಬೈಯುತ್ತಾಳೆ, ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾಳೆ ಎಂದು ನಾನು ಹೆದರಿದ್ದೆ. ಅವಳು ಕೇಳಿದ್ದು ಒಂದೇ ಮಾತು, ಎಲ್ಲೈದಾವ ಎಂದು.

ಮರುದಿನ ಮೂವರೂ ಯಾದಗಿರಿಗೆ ಹೋದೆವು. ಬಸ್ಸಿನಲ್ಲಿ ನಾನು ಅವರಿಬ್ಬರ ನಡುವೆ ಕೂತಿದ್ದೆ. ದವಾಖಾನೆಯ ನರ್ಸಮ್ಮ ಅವ್ವನ ಗುರುತಿನವಳು, ಒಳಗೆ ಬಿಟ್ಟಳು. ಹುಸೇನಬಿ ಚಪ್ಪಲಿ ಹೊರಗೆ ಬಿಟ್ಟು, ಸೆರಗು ತಲೆಯ ಮೇಲೆ ಎಳೆದುಕೊಂಡು, ಒಂದೊಂದೇ ಹಾಸಿಗೆಯ ಹತ್ತಿರ ಹೋದಳು. ಒಂದರಲ್ಲಿ ಪಾಯಜಾಮದ ಚೌಕ, ಇನ್ನೊಂದರಲ್ಲಿ ಮಖಮಲ್ಲಿನ ಬೆರಳಗಲದ ಚೂರು. ಸಿಕ್ಕ ಸಿಕ್ಕಲ್ಲಿ ಬೆರಳಿಟ್ಟು, ಹೊಲಿಗೆಗುಂಟ ಸವರಿ ಮುಂದೆ ನಡೆದಳು. ನೀಲಿ ಪಟ್ಟಿ ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಸಿಕ್ಕಿತು. ಅದರ ಮೇಲೆ ಹುಟ್ಟಿ ಎರಡು ದಿನವಾಗದ ಕೂಸು ಮಲಗಿತ್ತು. ಅದರ ತಾಯಿ, ಇನ್ನೂ ಹುಡುಗಿ, ಗಾಬರಿಯಾಗಿ ಎದ್ದು ಕೂತಳು.

"ಏನ್ ನೋಡಾಕತ್ತೀರಿ ಅಮ್ಮಾ?"

"ಹೊಲಗಿ ನೋಡಾಕತ್ತೇನವ್ವ. ಛಂದ ಐತಿ."

ಅಲ್ಲಿಂದ ಹೊರಗೆ ಬಂದವಳು ಬೇವಿನ ಗಿಡದ ಕೆಳಗೆ ಕುಸಿದು ಕೂತು, ಮಗನ ಹೆಸರು ಹಿಡಿದು ಕೂಗಿ ಅತ್ತಳು. ಇಷ್ಟು ವರ್ಷ ಅಳದೆ ಇಟ್ಟುಕೊಂಡದ್ದನ್ನೆಲ್ಲ ಅತ್ತಳು. ದವಾಖಾನೆಗೆ ಬಂದವರು ಸುತ್ತ ನೆರೆದರು. ಹೆರಿಗೆಯಲ್ಲಿ ಮಗಳು ಸತ್ತಿರಬೇಕು ಎಂದುಕೊಂಡರು. ಅವ್ವ ಪಕ್ಕದಲ್ಲಿ ಕೂತು ಅವಳ ಬೆನ್ನ ಮೇಲೆ ಕೈಯಿಟ್ಟಳು. ಹುಸೇನಬಿ ಆ ಕೈಯನ್ನು ತೆಗೆದಳು. ಸಿಟ್ಟಿನಿಂದಲ್ಲ, ಮೆಲ್ಲಗೆ ಎತ್ತಿ ಅವ್ವನ ತೊಡೆಯ ಮೇಲೆಯೇ ಇಟ್ಟಳು. ಈಗ ಹೇಳಿಬಿಡಬೇಕು, ಈಗಲೇ, ಎಂದು ಮನಸ್ಸು ಹೊಡೆದುಕೊಳ್ಳುತ್ತಿತ್ತು. ಅವಳ ಅಳು ಮುಗಿಯಲಿ ಎಂದುಕೊಂಡೆ. ಅಳು ಮುಗಿದ ಮೇಲೆ, ಮುಖ ತೊಳೆದುಕೊಳ್ಳಲಿ ಎಂದುಕೊಂಡೆ.

ಅವಳು ಸೊಲ್ಲಾಪುರದ ಗಾಡಿ ಹಿಡಿಯಲಿಲ್ಲ. ಹೈದರಾಬಾದಿಗೆ ತಿರುಗಿ ಹೋಗುತ್ತೇನೆಂದಳು. ಸ್ಟೇಷನ್ನಿನ ಕಲ್ಲಿನ ಮೇಲೆ ಮೂವರೂ ಗಾಡಿಗೆ ಕಾಯುತ್ತ ಕೂತೆವು. ಅವ್ವ ಒಂದು ಕೌದಿಯನ್ನಾದರೂ ಒಯ್ಯಿ, ನರ್ಸಮ್ಮನಿಗೆ ನಾನು ಹೇಳುತ್ತೇನೆ ಎಂದು ಬೇಡಿಕೊಂಡಳು.

"ಮಂದಿ ಮೈಮ್ಯಾಲಿನ ಅರಿವಿ ಹ್ಯಾಂಗ ಜಗ್ಗಲಿ ನಿಂಗವ್ವ? ಇರಲಿ ಅಲ್ಲೇ." ಅವಳೇ ಮುಂದುವರಿಸಿದಳು. "ನಾ ನಿನಗ ಶಾಪ ಹಾಕಂಗಿಲ್ಲ. ನಿನ್ನ ರೊಟ್ಟಿ ತಿಂದಾನ ನನ ಮಗ. ಆದ್ರ ಮಾಫ್ ಮಾಡೀನಿ ಅಂತ ನನ್ನ ಬಾಯಿಲೆ ಬರವಲ್ದು. ನಿನ್ನ ಮನಿಗೆ ಇನ್ನ ನಾ ಬರಂಗಿಲ್ಲ."

"ಹೌದಕ್ಕ," ಎಂದಳು ಅವ್ವ.

ಗಾಡಿ ಬಂತು. ಅವ್ವ ಅವಳ ಚೀಲ ಎತ್ತಿ ಒಳಗಿಟ್ಟಳು. ಹುಸೇನಬಿ ಕಿಟಕಿಯ ಪಕ್ಕ ಕೂತು ನನ್ನ ತಲೆಯ ಮೇಲೆ ಕೈಯಾಡಿಸಿ, ಛಲೋ ಓದು ಮಗಳ ಎಂದಳು. ನನ್ನ ಕೈಯಲ್ಲಿ ಕಿಟಕಿಯ ಸರಳು ಇತ್ತು, ಅವಳ ಮುಖ ಗೇಣು ದೂರದಲ್ಲಿತ್ತು. ಮಾತು ನಾಲಗೆಯ ತುದಿಗೆ ಬಂದಿತ್ತು. ಅವ್ವನ ಕೈ ಸರಿಸಿದ ಹಾಗೆ ಅವಳು ನನ್ನನ್ನೂ ದೂರ ಸರಿಸಿಬಿಟ್ಟರೆ ಎಂಬ ಅಂಜಿಕೆ ಅದಕ್ಕಿಂತ ದೊಡ್ಡದಾಗಿತ್ತು. ಅವ್ವ ನನ್ನ ಪಕ್ಕದಲ್ಲೇ, ಒಂದು ಹೆಜ್ಜೆ ಹಿಂದೆ ನಿಂತಿದ್ದಳು. ಗಾಡಿ ಹೊರಟಿತು. ಹುಸೇನಬಿ ಹೇಳಿದಂತೆಯೇ ಮತ್ತೆ ಬರಲಿಲ್ಲ. ಮೂರು ವರ್ಷಕ್ಕೆ ಅವಳು ಹೋದ ಸುದ್ದಿ ಮಾತ್ರ ಬಂತು. ಅವ್ವ ಅದಾದ ಮೇಲೆ ಬಹಳ ವರ್ಷ ಬದುಕಿದಳು, ಕೌದಿ ಕೊಡುವುದನ್ನು ಒಂದು ವರ್ಷವೂ ನಿಲ್ಲಿಸಲಿಲ್ಲ, ಈ ಮಾತನ್ನು ಮನೆಯಲ್ಲಿ ಒಮ್ಮೆಯೂ ಎತ್ತಲಿಲ್ಲ. ಎತ್ತಿದ್ದು ಅವತ್ತೊಂದೇ ದಿನ, ಸ್ಟೇಷನ್ನಿನಿಂದ ಬಸ್ ಸ್ಟ್ಯಾಂಡಿಗೆ ನಡೆಯುವಾಗ, ನನ್ನ ಕಡೆ ತಿರುಗದೆ.

"ಗಾಡಿ ಸೀಟಿ ಹೊಡಿಯೂ ಮಟ ಕಾದೆ ಶರಣಿ. ನೀ ಒಂದು ಮಾತು ಆಡ್ತಿ ಅಂತ ಕಾದೆ."

ನಾನು ಆಗಲೂ ಬಾಯಿ ತೆರೆಯಲಿಲ್ಲ.